ಪೆಟ್ರೋಲ್ ರುಚಿ ನೋಡುತ್ತಿದ್ದ ನಾಲಿಗೆ

ನಮ್ಮ ರಸ್ತೆಯ ಗ್ಯಾರೇಜ್ ಮೇಸ್ತ್ರಿ ಹೋದ ತಿಂಗಳು ತೀರಿಕೊಂಡರು. ಹನ್ನೊಂದನೇ ದಿನದ ತಿಥಿ ಊಟಕ್ಕೆ ನಾನೂ ಹೋಗಿದ್ದೆ. ಪಕ್ಕದ ಎಲೆಯವರು ವಡೆ ಮುರಿಯುತ್ತ, ಅಂಥ ನಾಲಿಗೆ ಇನ್ನೊಂದು ಹುಟ್ಟುವುದಿಲ್ಲ ಬಿಡಿ ಎಂದರು. ಎದುರು ಸಾಲಿನವರೆಲ್ಲ ಹೌದೆಂದು ತಲೆಯಾಡಿಸಿದರು. ನನ್ನ ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸತ್ತವರ ಮನೆಯಲ್ಲಿ ಉಣ್ಣುತ್ತ ಸತ್ತವರ ಬಗ್ಗೆ ಅಸಹ್ಯಪಡುವುದು ಒಳ್ಳೆಯ ಗುಣವಲ್ಲ ಎಂದು ನನಗೂ ಗೊತ್ತು. ಆದರೂ ಪಟ್ಟೆ. ಮನೆಗೆ ಬಂದು ಹೆಂಡತಿಯ ಹತ್ತಿರ ಇದನ್ನೇ ಹೇಳಿಕೊಂಡರೆ, ಹೋದವರನ್ನು ಏಕವಚನದಲ್ಲಿ ಬೈಯಬೇಡಿ ಎಂದಳು. ಆದ್ದರಿಂದ ಇಲ್ಲಿ ಬಹುವಚನದಲ್ಲೇ ಬೈಯುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ರಾಜಾಜಿನಗರದಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ, ಎಲ್ಲರಿಗೂ ಅವರು ಮೇಸ್ತ್ರಿ, ಅಷ್ಟೆ. ನಮ್ಮ ಮನೆಯಿಂದ ಆರು ಮನೆ ಆಚೆ ಒಂದು ಖಾಲಿ ಸೈಟಿಗೆ ತಗಡಿನ ಶೀಟು ಹೊದಿಸಿ, ಹೊಂಗೆ ಮರಕ್ಕೆ ಹಳೆಯ ಟೈರು ನೇತುಹಾಕಿ ಗ್ಯಾರೇಜು ಮಾಡಿಕೊಂಡಿದ್ದರು. ನಾನಾಗ ಒಂದು ಕಾರ್ಖಾನೆಯ ಮೀಟರ್ ವಿಭಾಗದಲ್ಲಿದ್ದೆ. ಕೆಟ್ಟ ಮೀಟರುಗಳನ್ನು ಬಿಚ್ಚಿ, ಮುಳ್ಳು ಎಲ್ಲಿ ತಡವರಿಸುತ್ತದೆ, ಯಾಕೆ ತಡವರಿಸುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಸ್ಕೂಟರ್ ರಿಪೇರಿಯ ನೆಪದಲ್ಲಿ ಶುರುವಾದ ಪರಿಚಯ, ಭಾನುವಾರ ಬೆಳಿಗ್ಗೆ ಅವರ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಪೇಪರ್ ಓದುವವರೆಗೆ ಬೆಳೆಯಿತು.

ಅವರ ಮೈಮೇಲೆ ಶುಚಿಯಾದ ಜಾಗವೆಂದರೆ ಹಣೆಯ ವಿಭೂತಿ ಒಂದೇ. ಉಳಿದದ್ದೆಲ್ಲ ಗ್ರೀಸು. ಆ ಕೈಯಲ್ಲೇ ಮೊಸರನ್ನ ಕಲಸುತ್ತಿದ್ದರು. ಎಲೆ ಅಡಿಕೆ ಉಗಿದು ಉಗಿದು ಹಿಂದಿನ ಗೋಡೆಯ ಬಣ್ಣ ಯಾವುದೆಂದು ಹೇಳಲು ಆಗದ ಹಾಗೆ ಮಾಡಿದ್ದರು. ಒಮ್ಮೆ ಸ್ಪಾರ್ಕ್ ಪ್ಲಗ್ ಅದ್ದಿಟ್ಟಿದ್ದ ಲೋಟವನ್ನು ಲುಂಗಿಯ ತುದಿಯಲ್ಲಿ ಒರೆಸಿ, ಅದರಲ್ಲೇ ನನಗೆ ಕಾಫಿ ಸುರಿದುಕೊಟ್ಟರು. ಮೇಲೆ ಕಾಮನಬಿಲ್ಲಿನ ಬಣ್ಣಗಳು ತೇಲುತ್ತಿದ್ದವು. ನಾನು ಕುಡಿದೆ. ಯಾಕೆ ಕುಡಿದೆ ಎಂದರೆ ದಾಕ್ಷಿಣ್ಯ. ನನ್ನ ಜೀವನದ ಅರ್ಧದಷ್ಟು ತಪ್ಪುಗಳಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆ ಪ್ರಸಿದ್ಧ ನಾಲಿಗೆಯ ಬಗ್ಗೆ ಹೇಳಬೇಕು. ಗಾಡಿ ಎಳೆಯುತ್ತಿಲ್ಲ ಎಂದು ಯಾರು ಬಂದರೂ ಮೊದಲು ಟ್ಯಾಂಕಿಗೆ ರಬ್ಬರ್ ಪೈಪು ಇಳಿಬಿಟ್ಟು ಬಾಯಿಂದ ಎಳೆಯುತ್ತಿದ್ದರು. ಒಂದು ಗುಟುಕು ಪೆಟ್ರೋಲು ಬಾಯಿಗೆ ಬಂದರೆ ಅದನ್ನು ಎರಡೂ ಕೆನ್ನೆಗೆ ಆಡಿಸಿ, ಕಣ್ಣು ಮುಚ್ಚಿ, ಪಿಚಕ್ಕನೆ ಉಗಿಯುವರು. ಆಮೇಲೆ ಜೇಬಿನಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡು ತೀರ್ಪು ಹೇಳುವರು. ಚೊಕ್ಕ, ನೀರು, ಸೀಮೆಎಣ್ಣೆ, ಈ ಮೂರರಲ್ಲಿ ಒಂದು. ನಾನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಆದರೆ ತೀರ್ಪು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಸಲ ಸಾಲಾಗಿ ನಾಲ್ಕು ಆಟೋಗಳು ಕೆಟ್ಟು ಬಂದಾಗ ನಾಲ್ಕರದ್ದೂ ರುಚಿ ನೋಡಿ, ಎಲ್ಲವೂ ಒಂದೇ ಬಂಕಿನ ಎಣ್ಣೆ, ಒಂದೇ ಕಲಬೆರಕೆ ಎಂದು ಹೇಳಿದರು. ಆಟೋದವರು ಹೋಗಿ ಗಲಾಟೆ ಮಾಡಿದರೆ ಬಂಕಿನವನು ಒಪ್ಪಿಕೊಂಡೇಬಿಟ್ಟ. ಅಂದಿನಿಂದ ಆ ನಾಲಿಗೆಗೆ ಕೋರ್ಟಿಗಿಂತ ಹೆಚ್ಚಿನ ಮರ್ಯಾದೆ.

ಕಿವಿಯೂ ಕಡಿಮೆಯದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಸವೆದಿರುವುದು ಯಾವುದು ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಇಷ್ಟು ವಿದ್ಯೆ ಇದ್ದ ಮನುಷ್ಯನಿಗೆ ಒಂದೇ ಒಂದು ಮಾತು ಬರುತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತು. ಹೇರೋಹಳ್ಳಿಗೆ ಹೇಗೆ ಹೋಗಬೇಕೆಂದು ಕೇಳಿದ ಮದುವೆ ವ್ಯಾನಿನವರನ್ನು ಇವರು ಕೈಬೀಸಿ ಕೆಂಗೇರಿಯ ಕಡೆಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಪಾಪ, ಮುಹೂರ್ತ ಮೀರಿತೋ ಏನೋ. ಗೊತ್ತಿಲ್ಲ ಅಂದಿದ್ದರೆ ಆಗುತ್ತಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ನಕ್ಕರು.

"ಗೊತ್ತಿಲ್ಲ ಅನ್ನೋ ಮೇಸ್ತ್ರಿ ಹತ್ರ ಯಾರು ಸಾರ್ ಗಾಡಿ ಬಿಡ್ತಾರೆ?"

ಆಗ ನಾನೂ ನಕ್ಕಿದ್ದೆ.

ಇನ್ನೊಂದು ಅಭ್ಯಾಸ ಎಮರಿ ಪೇಪರಿನದು. ಆ ಕಾಲದ ಕಾರುಗಳಲ್ಲಿ ಕಿಡಿ ಹಾರಿಸುವ ಪಾಯಿಂಟುಗಳು ಸುಟ್ಟು ಕಪ್ಪಾಗುತ್ತಿದ್ದವು. ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸಿದರೆ ಗಾಡಿ ಎದ್ದು ಕೂರುತ್ತಿತ್ತು. ಇದನ್ನು ಅವರು ಸಾವಿರಾರು ಸಲ ಮಾಡಿದ್ದರು. ಕಪ್ಪು ಕಂಡರೆ ಕೊಳೆ, ಕೊಳೆ ಕಂಡರೆ ಉಜ್ಜು, ಇಷ್ಟೇ ಶಾಸ್ತ್ರ. ಮೇಲುಜೇಬಿನಲ್ಲಿ ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಮಡಿಸಿದ ಎಮರಿ ಪೇಪರು. ಆಯುಧಪೂಜೆಯ ದಿನ ಸ್ಪ್ಯಾನರುಗಳ ಜೊತೆಗೆ ಅದಕ್ಕೂ ಕುಂಕುಮ ಇಡುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಸವೇಶ್ವರನಗರದ ಒಬ್ಬ ಡಾಕ್ಟರು ಗಲ್ಫಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ವಾಪಸು ಬರುವಾಗ ಒಂದು ಜಪಾನಿ ಕಾರು ತಂದಿದ್ದರು. ಬೆಳ್ಳಿ ಬಣ್ಣದ್ದು. ರಸ್ತೆಯಲ್ಲಿ ಹೋದರೆ ಜನ ನಿಂತು ನೋಡುತ್ತಿದ್ದರು. ಅದನ್ನು ಓಡಿಸುತ್ತಿದ್ದವನು ಪುಟ್ಟಸ್ವಾಮಿ, ಮೂಡಲಪಾಳ್ಯದವನು, ಮೂವತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ಕಾರಿಗೆ ಧೂಳು ಕೂತರೆ ತನ್ನ ಕರ್ಚೀಫು ತೆಗೆದು ಒರೆಸುತ್ತಿದ್ದ. ಅಂಥ ಗಾಡಿ ಓಡಿಸುವ ಕೆಲಸ ಸಿಕ್ಕಿತಲ್ಲ ಎಂದು ಅವನ ಮನೆಯವರೆಲ್ಲ ಒಮ್ಮೆ ಬಂದು, ದೇವರ ದರ್ಶನದ ಹಾಗೆ ಅದನ್ನು ನೋಡಿಕೊಂಡು ಹೋಗಿದ್ದರಂತೆ.

ಒಂದು ದಿನ ಅವನು ಆ ಕಾರನ್ನು ಗ್ಯಾರೇಜಿಗೆ ತಂದ. ನಿಧಾನಕ್ಕೆ ಹೋಗುವಾಗ ಆಗೀಗ ಸಣ್ಣಗೆ ಎಗರುತ್ತದೆ, ಸ್ಪೀಡಿಗೆ ಹೋದರೆ ಸರಿಯಾಗಿರುತ್ತದೆ ಎಂದ. ಮೇಸ್ತ್ರಿ ಬಾನೆಟ್ ಎತ್ತಿದರು. ಕಾರ್ಬುರೇಟರ್ ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ. ಎಲ್ಲೆಲ್ಲೂ ವೈರು, ಪೈಪು. ಅಂಥ ಎಂಜಿನ್ನನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಆಗಲಾದರೂ ಆ ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಂಜೆ ಬಾ, ಮಾಡಿಡ್ತೀನಿ ಅಂದರು.

ಸಂಜೆ ಪುಟ್ಟಸ್ವಾಮಿ ತೆಗೆದುಕೊಂಡು ಹೋದ ಕಾರು ಮೊದಲಿಗಿಂತ ಹತ್ತು ಪಾಲು ಕೆಟ್ಟಿತ್ತು. ಸಿಗ್ನಲ್ಲಿಗೆ ನಿಧಾನ ಮಾಡಿದರೆ ಆಫ್. ಸ್ಟಾರ್ಟ್ ಮಾಡಿ ಪೆಡಲಿಗೆ ಕಾಲು ತಾಗಿಸಿದರೆ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಡಾಕ್ಟರೇ ಪುಟ್ಟಸ್ವಾಮಿಯ ಜೊತೆ ಗ್ಯಾರೇಜಿಗೆ ಬಂದರು. ಗಲ್ಫಿನಲ್ಲಿ ಇಷ್ಟು ವರ್ಷ ಒಂದು ದಿನವೂ ತೊಂದರೆ ಕೊಡದ ಗಾಡಿ ಇಲ್ಲಿಗೆ ಬಂದು ಹೀಗಾಗಲು ಏನು ಕಾರಣ ಎಂದು ಜೋರಾಗಿ ಕೇಳಿದರು. ಭಾನುವಾರವಾದ್ದರಿಂದ ನಾನು ಸ್ಟೂಲಿನ ಮೇಲಿದ್ದೆ. ನಾಲ್ಕಾರು ಗಿರಾಕಿಗಳೂ ಇದ್ದರು.

ಮೇಸ್ತ್ರಿ ಪೈಪು ತಂದರು. ಟ್ಯಾಂಕಿಗೆ ಇಳಿಬಿಟ್ಟು ಎಳೆದರು, ಕೆನ್ನೆಗೆ ಆಡಿಸಿದರು, ಕಣ್ಣು ಮುಚ್ಚಿದರು, ಉಗಿದರು. ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು ಎಂದು ಆಮೇಲೆ ನನಗೆ ಅನ್ನಿಸಿದೆ. ಬೆಲ್ಲ ಬಾಯಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಸೀಮೆಎಣ್ಣೆ ಎಂದರು.

ಆ ದಿನಗಳಲ್ಲಿ ಸೀಮೆಎಣ್ಣೆ ಎಂದರೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಡ್ರೈವರು ಪೆಟ್ರೋಲು ತೆಗೆದು ಮಾರಿಕೊಂಡು, ರೇಷನ್ ಸೀಮೆಎಣ್ಣೆ ಸುರಿದು ಮಟ್ಟ ಸರಿಮಾಡಿದ್ದಾನೆ ಎಂದೇ ಅರ್ಥ. ಎಲ್ಲರೂ ಪುಟ್ಟಸ್ವಾಮಿಯ ಕಡೆ ತಿರುಗಿದರು. ಅವನು, ಇಲ್ಲ ಸಾರ್, ಆಂಜನೇಯನ ಆಣೆ ಸಾರ್ ಎಂದು ಎರಡು ಸಲ ಹೇಳಿದ. ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಬಗ್ಗಿ ಪೈಪು ಸುತ್ತುತ್ತಿದ್ದರು. ಡಾಕ್ಟರು ಕೈ ಚಾಚಿದರು, ಪುಟ್ಟಸ್ವಾಮಿ ಕೀ ಕೊಟ್ಟ. ಇಷ್ಟರಲ್ಲೇ ಅವನ ಕೆಲಸ ಮುಗಿಯಿತು. ಅವನು ಮೂಡಲಪಾಳ್ಯದವರೆಗೆ ನಡೆದುಕೊಂಡೇ ಹೋದನೆಂದು ಯಾರೋ ಹೇಳಿದರು.

ಟ್ಯಾಂಕು ಖಾಲಿ ಮಾಡಿ ಹೊಸ ಪೆಟ್ರೋಲು ಹಾಕಿಸಿದರೂ ಕಾರು ಕುಪ್ಪಳಿಸುವುದನ್ನು ಬಿಡಲಿಲ್ಲ. ಬಿಡುವುದಾದರೂ ಹೇಗೆ. ಮೇಸ್ತ್ರಿ ಡಾಕ್ಟರಿಗೆ, ಹಳೇ ಎಣ್ಣೆ ಒಳಗೆಲ್ಲ ಹಿಡಿದುಕೊಂಡಿದೆ, ಒಂದು ವಾರ ಗಾಡಿ ಇಲ್ಲೇ ಇರಲಿ ಎಂದು ಹೇಳಿ ಸಮಯ ಪಡೆದರು. ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು, ನಿಮ್ಮ ಮೀಟರ್ ತಗೊಂಡು ಸ್ವಲ್ಪ ಬನ್ನಿ ಸಾರ್, ಒಳಗೆಲ್ಲ ಕರೆಂಟಿನ ವ್ಯವಹಾರ ಎಂದರು. ಆ ನಾಲಿಗೆಗೆ ನನ್ನ ಸಹಾಯ ಬೇಕಾಯಿತಲ್ಲ ಎಂದು ನಾನು ಉಬ್ಬಿದೆ. ತಿಂಡಿಯನ್ನೂ ಪೂರ್ತಿ ತಿನ್ನದೆ ಎದ್ದೆ.

ನನಗೂ ಆ ಎಂಜಿನ್ನು ಹೊಸದೇ. ಆದರೆ ಲಕ್ಷಣ ನೋಡಿದ ಕೂಡಲೇ ಒಂದು ವಿಷಯ ಹೊಳೆಯಿತು. ಸೀಮೆಎಣ್ಣೆಯಾದರೆ ಎಲ್ಲ ವೇಗದಲ್ಲೂ ತೊಂದರೆಯಾಗಬೇಕು, ಹಿಂದೆ ಹೊಗೆ ಬರಬೇಕು. ಇದು ಪೆಡಲಿನ ಮೇಲೆ ಕಾಲು ಸ್ವಲ್ಪವೇ ಒತ್ತಿದ ಜಾಗದಲ್ಲಿ ಮಾತ್ರ ಎಗರುತ್ತದೆ. ಇನ್ನೊಂದಿಷ್ಟು ಒತ್ತಿದರೆ ಸರಿಹೋಗುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸುವಾಗ ಒಂದು ಜಾಗದಲ್ಲಿ ಮಾತ್ರ ಕರಕರ ಎಂದು ದನಿ ಹೋಗುತ್ತದಲ್ಲ, ಹಾಗೆ. ಆ ಕಾಯಿಲೆ ನನಗೆ ಗೊತ್ತಿತ್ತು.

ಪೆಡಲಿನ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಹಿಡಿದುಕೊಂಡು ಹೋದೆ. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ ಪಕ್ಕದಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಇತ್ತು. ಬಾಗಿಲು ಎಷ್ಟು ತೆರೆದಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಸೆನ್ಸರು ಅದು. ಅದರ ಮಾತು ಕೇಳಿಯೇ ಎಷ್ಟು ಪೆಟ್ರೋಲು ಬಿಡಬೇಕೆಂದು ತೀರ್ಮಾನವಾಗುವುದು. ಮೀಟರಿನ ವೈರು ಕೊಟ್ಟು, ಮೇಸ್ತ್ರಿಗೆ ಪೆಡಲನ್ನು ನಿಧಾನಕ್ಕೆ ಒತ್ತಿ ಎಂದೆ. ಮುಳ್ಳು ಶುರುವಿನಲ್ಲಿ ಒಂದಿಷ್ಟು ಏರಿತು, ತಟ್ಟನೆ ಪೂರ್ತಿ ಬಿದ್ದುಹೋಯಿತು, ಆಮೇಲೆ ಮತ್ತೆ ಎದ್ದು ಕೊನೆಯವರೆಗೆ ಸಲೀಸಾಗಿ ಹೋಯಿತು. ಹತ್ತು ಸಲ ಮಾಡಿಸಿದೆ. ಹತ್ತು ಸಲವೂ ಅದೇ ಜಾಗದಲ್ಲಿ ಬಿತ್ತು. ನಗರದ ರಸ್ತೆಗಳಲ್ಲಿ ಕಾಲು ಹೆಚ್ಚು ಹೊತ್ತು ಇರುವುದೇ ಆ ಜಾಗದಲ್ಲಿ.

ಪೆಟ್ಟಿಗೆಯನ್ನು ಬಿಚ್ಚಿ ಕೈಗೆ ತೆಗೆದುಕೊಂಡೆ. ಮುಚ್ಚಳದ ಅಂಚಿನಲ್ಲಿ ಸ್ಕ್ರೂಡ್ರೈವರಿನಿಂದ ಮೀಟಿದ ಗಾಯ ಕಂಡಿತು. ತೆರೆದರೆ ಒಳಗೆ ಕಪ್ಪು ಪಟ್ಟಿ, ಅದರ ಮೇಲೆ ಓಡಾಡುವ ಎರಡು ಸಣ್ಣ ತಗಡಿನ ಬೆರಳು. ಆ ಕಪ್ಪೇ ಅದರ ಜೀವ, ಕರೆಂಟು ಹರಿಯುವುದೇ ಅದರ ಮೇಲೆ. ಶುರುವಿನ ಹತ್ತಿರದ ಒಂದು ತುಂಡಿನಲ್ಲಿ, ಅಂಚೊಂದನ್ನು ಬಿಟ್ಟರೆ, ಆ ಕಪ್ಪು ಇರಲೇ ಇಲ್ಲ. ಗೆರೆಗೆರೆಯಾಗಿ ಉಜ್ಜಿ ಕೆಳಗಿನ ಬಿಳಿಯ ಹಲಗೆ ಕಾಣುವ ಹಾಗೆ ಮಾಡಲಾಗಿತ್ತು. ಎಮರಿ ಪೇಪರಿನ ಗೀರು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲಿದ್ದ ದೋಷ ಬಹುಶಃ ವೈರಿನ ಜೋಡಣೆಯ ಸಡಿಲ ಇದ್ದಿರಬೇಕು. ಅದು ಒಂದು ನಿಮಿಷದ ಕೆಲಸ. ಇದು ಕೊಲೆ.

ಮೇಸ್ತ್ರಿಯ ಮುಖ ನೋಡಿದೆ. ಅವರು ನಾಚಿಕೊಳ್ಳಲಿಲ್ಲ. ಒಳಗೆ ಮಸಿ ಕಟ್ಟಿತ್ತು, ಅದಕ್ಕೇ ಉಜ್ಜಿದೆ ಎಂದರು. ಹಾಗಾದರೆ ಸೀಮೆಎಣ್ಣೆ ಎಂದಿರಲ್ಲ, ಬಾಯಿಗೆ ನಿಜವಾಗಿ ಏನು ಹತ್ತಿತು ಎಂದು ಕೇಳಿದೆ. ಚೊಕ್ಕ ಪೆಟ್ರೋಲು ಎಂದರು, ಅಷ್ಟೇ ಸಲೀಸಾಗಿ.

"ಮತ್ತೆ ಯಾಕೆ ಹಾಗಂದ್ರಿ?"

"ಇನ್ನೇನು ಸಾರ್ ಅನ್ನಬೇಕಿತ್ತು? ಅಷ್ಟು ಜನ ನಿಂತಿದ್ರು. ಗಾಡಿ ನಾನು ಕೆಡಿಸಿದೆ ಅಂದ್ರೆ ನಾಳೆಯಿಂದ ಈ ಗ್ಯಾರೇಜಿಗೆ ಯಾರು ಬರ್ತಾರೆ? ಅವನು ಚಿಕ್ಕ ವಯಸ್ಸು, ಎಲ್ಲಾದ್ರೂ ಕೆಲಸ ಸಿಗುತ್ತೆ. ಡಾಕ್ಟ್ರ ಹತ್ರ ಒಂದಿನ ನಾನೇ ಹೇಳಿ ಸರಿಮಾಡ್ತೀನಿ. ನೀವು ಮೊದಲು ಇದನ್ನ ನೋಡಿ."

ಹೇಳುತ್ತ ಹೇಳುತ್ತಲೇ ನಾಲಿಗೆಯಿಂದ ಹಲ್ಲಿನ ಸಂದಿಯ ಅಡಿಕೆ ಚೂರನ್ನು ಹುಡುಕಿ ತೆಗೆದು ಉಗಿದರು. ಆ ಉಗುಳು ನನ್ನ ಚಪ್ಪಲಿಯ ಪಕ್ಕದಲ್ಲಿ ಬಿತ್ತು. ಅಲ್ಲಿಯವರೆಗೆ ಅವರ ಗ್ರೀಸು, ಲೋಟ, ಗೋಡೆ, ಎಲ್ಲದರ ಬಗ್ಗೆ ನನಗಿದ್ದದ್ದು ಮೇಲುಮೇಲಿನ ಹೇಸಿಗೆ. ಅವತ್ತು ಒಳಗಿನಿಂದ ಬಂತು. ಆಟೋದವರ ಪರವಾಗಿ ನಿಂತ ನಾಲಿಗೆಯೂ ಇದೇ, ಒಬ್ಬನ ಅನ್ನ ಕಿತ್ತ ನಾಲಿಗೆಯೂ ಇದೇ, ಎರಡೂ ಸಲ ಮೇಲೆ ಬೆಲ್ಲ ತಿಂದಿತ್ತು. ಎದ್ದು ಹೋಗಬೇಕಿತ್ತು. ನೇರವಾಗಿ ಬಸವೇಶ್ವರನಗರಕ್ಕೆ ಹೋಗಿ ಡಾಕ್ಟರ ಮನೆಯ ಬೆಲ್ಲು ಒತ್ತಬೇಕಿತ್ತು.

ಹೋಗಲಿಲ್ಲ. ಕೈಯಲ್ಲಿ ಬಿಚ್ಚಿದ ಪೆಟ್ಟಿಗೆ ಇತ್ತು. ಅದನ್ನು ಸರಿಮಾಡುವ ದಾರಿ ನನಗೆ ಹೊಳೆದಿತ್ತು. ಎರಡು ಬೆರಳುಗಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಗ್ಗಿಸಿದರೆ ಅವು ಉಜ್ಜದೇ ಉಳಿದ ಅಂಚಿನ ಮೇಲೆ ಓಡುತ್ತವೆ. ಕಾರ್ಖಾನೆಯಲ್ಲಿ ಮೀಟರುಗಳಿಗೆ ನಾನು ಮಾಡುತ್ತಿದ್ದ ಉಪಾಯವೇ. ಚಿಮುಟ ಹಿಡಿದು ಒಂದು ಗಂಟೆ ಬಗ್ಗಿ ಕೂತೆ. ಆ ಒಂದು ಗಂಟೆ ಪುಟ್ಟಸ್ವಾಮಿಯ ನೆನಪೇ ಬರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಜೋಡಿಸಿ ಮೀಟರ್ ಕೊಟ್ಟಾಗ ಮುಳ್ಳು ಎಲ್ಲೂ ಬೀಳದೆ ಮೆಟ್ಟಿಲಿಲ್ಲದ ಏರು ಹತ್ತುವ ಹಾಗೆ ಹತ್ತಿತು. ನಾನು ಸಂತೋಷಪಟ್ಟೆ. ಮೇಸ್ತ್ರಿ ನನ್ನ ಬೆನ್ನು ತಟ್ಟಿದರು. ಅಂಗಿಯ ಮೇಲೆ ಐದು ಬೆರಳಿನ ಗ್ರೀಸು ಉಳಿಯಿತು, ಹೆಂಡತಿ ಎಷ್ಟು ಸೋಪು ಹಾಕಿದರೂ ಹೋಗಲಿಲ್ಲ.

ಮಧ್ಯಾಹ್ನ ಡಾಕ್ಟರು ಬಂದು ತಾವೇ ಓಡಿಸಿ ನೋಡಿದರು. ವಿಜಯನಗರದವರೆಗೆ ಹೋಗಿ ತಿರುಗಿ ಬಂದರು. ಒಂದು ಸಲವೂ ಎಗರಲಿಲ್ಲವಂತೆ. ಇಳಿದು ಬಂದವರ ಮುಖದಲ್ಲಿ ನಗು ಇತ್ತು.

"ನೋಡಿದ್ರಾ ಮೇಸ್ತ್ರಿ, ಅವನು ಹೋದ ಒಂದೇ ವಾರಕ್ಕೆ ಗಾಡಿ ಸರಿಹೋಯ್ತು. ನನಗೂ ಮನಸ್ಸಲ್ಲಿ ಒಂದು ಅನುಮಾನ ಇತ್ತು, ಸುಮ್ಮನೆ ಬೈದು ಕಳಿಸಿದ್ನೇನೋ ಅಂತ. ಈಗ ನೆಮ್ಮದಿಯಾಯ್ತು."

ನನ್ನ ಕೈಕೆಲಸ ಪುಟ್ಟಸ್ವಾಮಿಯ ಕಳ್ಳತನಕ್ಕೆ ರುಜುವಾತಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಕಾರು ಕೆಟ್ಟೇ ಇದ್ದಿದ್ದರೆ ಡಾಕ್ಟರ ಅನುಮಾನ ಬೆಳೆಯುತ್ತಿತ್ತು, ಅವರೇ ಅವನನ್ನು ಕರೆಸುತ್ತಿದ್ದರೋ ಏನೋ. ಮೇಸ್ತ್ರಿ ಹೌದು ಸಾರ್ ಎಂದರು. ನನ್ನ ಕಡೆ ಒಮ್ಮೆ ನೋಡಿದರು. ಡಾಕ್ಟರು ಎದುರಿಗೇ ಇದ್ದರು, ಮೂರು ಹೆಜ್ಜೆ ದೂರ. ನಾನು ಮೀಟರಿನ ವೈರು ಸುತ್ತುತ್ತಿದ್ದೆ. ಕೆಂಪು ವೈರು ಸುತ್ತಿ ಮುಗಿಸಿ, ಕಪ್ಪು ವೈರು ಸುತ್ತತೊಡಗಿದೆ. ಅದು ಮುಗಿಯುವಷ್ಟರಲ್ಲಿ ಡಾಕ್ಟರ ಕಾರು ರಸ್ತೆಯ ತಿರುವು ದಾಟಿತ್ತು.

ಮೇಸ್ತ್ರಿ ಒಂದಿನ ಹೇಳುತ್ತೇನೆ ಎಂದಿದ್ದರಲ್ಲ, ಆ ಒಂದಿನ ಬರಲಿಲ್ಲ. ಎರಡು ಸಲ ನೆನಪಿಸಿದೆ. ಮೊದಲನೇ ಸಲ, ಈಗ ಡಾಕ್ಟ್ರು ಖುಷಿಯಾಗಿದಾರೆ, ಕೆದಕೋದು ಬೇಡ ಎಂದರು. ಎರಡನೇ ಸಲ, ಯಾವ ಡ್ರೈವರು ಎಂದು ಕೇಳಿದರು. ನಟನೆಯಲ್ಲ, ನಿಜವಾಗಿ ಮರೆತಿದ್ದರು. ಅದಕ್ಕಿಂತ ಅಸಹ್ಯವಾದದ್ದನ್ನು ನಾನು ನೋಡಿಲ್ಲ. ಅಂದಿನಿಂದ ಸ್ಕೂಟರನ್ನು ವಿಜಯನಗರದ ಬೇರೆ ಗ್ಯಾರೇಜಿಗೆ ಒಯ್ಯತೊಡಗಿದೆ. ಅದೇ ನನ್ನ ಪ್ರತಿಭಟನೆ. ರಸ್ತೆಯಲ್ಲಿ ಎದುರಾದರೆ ಅವರು ಯಾಕೆ ಸಾರ್ ಈ ಕಡೆ ಬರೋದೇ ಇಲ್ಲ ಎನ್ನುತ್ತಿದ್ದರು, ನಾನು ಕೆಲಸ ಜಾಸ್ತಿ ಎನ್ನುತ್ತಿದ್ದೆ.

ಮುಂದಿನ ವರ್ಷ ಒಂದು ಮದುವೆಗೆಂದು ಕೆಂಗೇರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಪುಟ್ಟಸ್ವಾಮಿ ಸಿಕ್ಕಿದ. ಅವನೇ ಗುರುತು ಹಿಡಿದು, ಸಾರ್ ನೀವು ಮೇಸ್ತ್ರಿ ಹತ್ರ ಕೂತಿರ್ತಿದ್ರಲ್ಲ ಎಂದ. ಇಟ್ಟಿಗೆ ಸಾಗಿಸುವ ಲಾರಿಗೆ ಕ್ಲೀನರ್ ಆಗಿದ್ದ. ಡ್ರೈವರ್ ಕೆಲಸ ಕೇಳಿದ ಕಡೆಯೆಲ್ಲ ಪೆಟ್ರೋಲ್ ಕಳ್ಳ ಎಂಬ ಮಾತು ಅವನಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತಂತೆ. ಎದುರಿಗೆ ಕೂತು ಟೀ ತರಿಸಿಕೊಂಡ. ಮನೆಯವರೂ ಮೊದಮೊದಲು ನನ್ನ ಮಾತು ನಂಬಲಿಲ್ಲ ಸಾರ್ ಎಂದ. ಆಮೇಲೆ, ತಾನೇ ಸಮಾಧಾನ ಹೇಳುವವನ ಹಾಗೆ, ಮೇಸ್ತ್ರಿಯವರ ನಾಲಿಗೆ ಸುಳ್ಳು ಹೇಳುವುದಿಲ್ಲ, ಬಂಕಿನಲ್ಲೇ ಕಲಬೆರಕೆ ಆಗಿತ್ತು, ಅವತ್ತು ಬೇರೆ ಬಂಕಿಗೆ ಹೋಗದೇ ಇದ್ದದ್ದು ನನ್ನದೇ ತಪ್ಪು ಎಂದ.

ಒಂದು ವರ್ಷದಿಂದ ಅವನು ಇದನ್ನು ನಂಬಿಕೊಂಡು ಬದುಕಿದ್ದ. ನನಗೆ ತಡೆಯಲಾಗಲಿಲ್ಲ. ಎಮರಿ ಪೇಪರು, ಕಪ್ಪು ಪಟ್ಟಿ, ಮುಳ್ಳು ಬಿದ್ದದ್ದು, ಚೊಕ್ಕ ಪೆಟ್ರೋಲು ಎಂದು ಮೇಸ್ತ್ರಿ ಒಪ್ಪಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತ ಮೇಸ್ತ್ರಿಯನ್ನು ಚೆನ್ನಾಗಿ ಬೈದೆ, ಅಂಥ ಹೊಲಸು ಮನುಷ್ಯನನ್ನು ನೋಡಿಲ್ಲ ಎಂದೆ. ಅವನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಕೋಪ ಬರಬಹುದು, ಅಳಬಹುದು ಎಂದು ಕಾದೆ. ನಿಮಗೆ ಇದು ಯಾವತ್ತು ಗೊತ್ತಾಯ್ತು ಸಾರ್ ಎಂದಷ್ಟೇ ಕೇಳಿದ. ನಾನು ನಿಜ ಹೇಳಿದೆ. ನಿನ್ನ ಕೆಲಸ ಹೋದ ಮುಂದಿನ ಭಾನುವಾರ ಎಂದೆ.

ಹೊರಗೆ ಲಾರಿಯವನು ಹಾರ್ನ್ ಹೊಡೆದ. ಪುಟ್ಟಸ್ವಾಮಿ ಎದ್ದ.

"ಮೇಸ್ತ್ರಿಗೆ ಗ್ಯಾರೇಜ್ ಉಳಿಸ್ಕೋಬೇಕಿತ್ತು, ಅದಕ್ಕೆ ಹಾಗಂದ್ರು. ನಿಮಗೇನಿತ್ತು ಸಾರ್?"

ಒರಟಾಗಿ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ, ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ಕಾದ. ನಾನು ಯೋಚಿಸಿದೆ. ನನಗೆ ಗ್ಯಾರೇಜು ಇರಲಿಲ್ಲ, ಗಿರಾಕಿಗಳಿರಲಿಲ್ಲ, ಹೆದರಬೇಕಾದವರು ಯಾರೂ ಇರಲಿಲ್ಲ. ಏನೂ ಇರಲಿಲ್ಲ ಎಂದು ಹೇಳಲು ತಲೆ ಎತ್ತುವಷ್ಟರಲ್ಲಿ ಅವನು ಲಾರಿ ಹತ್ತಿಯಾಗಿತ್ತು.